ಮೊಬೈಲ್ ಸುದ್ದಿಗೂ ಗೇಜ್ ಬೇಕಾ? ಎರಡೂ ಕಡೆ ತೋರಿಸಿ ಅಂತ ಸರ್ಕಾರ ಕಾನೂನು ಮಾಡಬೇಕಾ?

ಮೀಟರ್‌ಗೇಜ್ ಕಾಕಾ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ರಿಟೈರ್ ಆದವನಿಗೆ ಟೈಮ್ ಜಾಸ್ತಿ.

ಮೊನ್ನೆ ಭಾನುವಾರ ಊಟ ಮುಗಿಸಿ ನಾನೂ ನನ್ನ ಅಳಿಯನೂ ಒಂದೇ ಸೋಫಾದ ಮೇಲೆ ಕೂತಿದ್ದೆವು. ಇಬ್ಬರೂ ಯೂಟ್ಯೂಬ್‌ನಲ್ಲಿ 'ಮಹದಾಯಿ' ಅಂತ ಹುಡುಕಿದೆವು, ಅದೇ ಗೋವಾ ಜೊತೆಗಿನ ನದಿ ನೀರಿನ ಜಗಳ. ನನ್ನ ಮೊಬೈಲಿನಲ್ಲಿ ಮೊದಲು ಬಂದ ಐದು ವಿಡಿಯೊದಲ್ಲೂ ಒಂದು ಪಕ್ಷ ರೈತರಿಗೆ ಮೋಸ ಮಾಡಿತು ಅಂತ ಇತ್ತು. ಅವನ ಮೊಬೈಲಿನಲ್ಲಿ ಬಂದ ಐದರಲ್ಲೂ ಇನ್ನೊಂದು ಪಕ್ಷ ಮೋಸ ಮಾಡಿತು ಅಂತ. ಎರಡರಲ್ಲೂ ಅದೇ ಕೆಂಪು ಬಾಣ, ಅದೇ ಬೆಂಕಿ, ಬಾಯಿ ತೆರೆದು ನಿಂತ ಅದೇ ಮುಖಗಳು. ಅರ್ಧ ಗಂಟೆ ವಾದ ಆಯ್ತು. ಕೊನೆಗೆ ಮಗಳು ಬಂದು ಇಬ್ಬರ ಮೊಬೈಲೂ ಕಸಿದುಕೊಂಡು ಫ್ರಿಜ್ ಮೇಲೆ ಇಟ್ಟಳು.

ನಮ್ಮ ಕಾಲಕ್ಕೆ ಧಾರವಾಡ ಆಕಾಶವಾಣಿ ಇತ್ತು, 1950ರಿಂದ ಇದೆ. ಚುನಾವಣೆ ಬಂದರೆ ಮಾನ್ಯತೆ ಇರುವ ಪಕ್ಷಗಳಿಗೆಲ್ಲ ಲೆಕ್ಕ ಹಾಕಿ ಟೈಮ್ ಕೊಡುತ್ತಾರೆ. ಎಲ್ಲರಿಗೂ ಸಮನಾಗಿ ಒಂದಿಷ್ಟು, ಹಿಂದಿನ ಸಲ ಬಿದ್ದ ಮತ ನೋಡಿ ಅದರ ಮೇಲೆ ಇನ್ನೊಂದಿಷ್ಟು. ಮನೆಗೆ ಒಂದೇ ರೇಡಿಯೊ. ಬೇಡ ಅಂದರೂ ಎದುರಾಳಿಯ ಮಾತು ಕಿವಿಗೆ ಬೀಳುತ್ತಿತ್ತು.

ಮೊಬೈಲಿಗೂ ಹಾಗೇ ಮಾಡಿದರೆ ಏನು ತಪ್ಪು? ರಾಜಕೀಯ ಸುದ್ದಿ ಹಾಕುವವರು ಎರಡೂ ಕಡೆ ತೋರಿಸಲೇಬೇಕು ಅಂತ ಕಾನೂನು ಬರಲಿ. ನಾನು ರೈಲ್ವೆ ವರ್ಕ್‌ಶಾಪ್‌ನಲ್ಲಿ 34 ವರ್ಷ ದುಡಿದವನು. ಚಕ್ರದ ಅಂಚು ಎಷ್ಟು ಸವೆದಿದೆ ಅಂತ ಗೇಜ್ ಇಟ್ಟು ನೋಡುತ್ತಿದ್ದೆವು, ಮಿತಿ ಮೀರಿದ್ದರೆ ಗಾಡಿ ಹೊರಗೆ ಬಿಡುತ್ತಿರಲಿಲ್ಲ. ಸುದ್ದಿಗೂ ಒಂದು ಗೇಜ್ ಇರಲಿ. ಬೈಯುವವರು ಬೈಯಿರಿ.

ದುರ್ಗದಬೈಲ್ ಗಿರ್ಮಿಟ್

ಕಾಕಾ, ಈ ಪೋಸ್ಟಿನಲ್ಲಿ ನಿಮ್ಮ ಅಳಿಯನ ಕಡೆ ಬಂದೇ ಇಲ್ಲ. ಮೊದಲ ಕೇಸು ನಿಮ್ಮ ಮೇಲೇ 😄

ಸಪ್ತಾಪುರ ರೂಮ್ ನಂ. 6

ಕಾಕಾ, ಕೆಎಎಸ್‌ಗೆ ಓದುತ್ತಾ ನಾಲ್ಕನೇ ವರ್ಷ ಆಯ್ತು, ಹಾಗಾಗಿ ಇದೆಲ್ಲ ಬಾಯಿಪಾಠ ಆಗಿದೆ, ಸುಮ್ನೆ ಇರೋಕೆ ಆಗಲ್ಲ.

ನೀವು ಹೇಳಿದ್ದನ್ನೇ ಅಮೆರಿಕದವರು ಮಾಡಿ ನೋಡಿದ್ದಾರೆ. 1949ರಲ್ಲಿ ಅಲ್ಲಿನ ರೇಡಿಯೊ, ಟಿವಿಗೆ ಲೈಸೆನ್ಸ್ ಕೊಡುವ ಸಂಸ್ಥೆ ಎಫ್‌ಸಿಸಿ 'ಫೇರ್‌ನೆಸ್ ಡಾಕ್ಟ್ರಿನ್' ಅಂತ ನಿಯಮ ತಂದಿತು. ರೇಡಿಯೊ, ಟಿವಿ ಸ್ಟೇಷನ್‌ಗಳು ಊರಿಗೆ ಮುಖ್ಯವಾದ ವಿವಾದಗಳನ್ನು ಪ್ರಸಾರ ಮಾಡಬೇಕು, ಮಾಡುವಾಗ ಬೇರೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡಬೇಕು. 1969ರಲ್ಲಿ ರೆಡ್ ಲಯನ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಸರಿ ಅಂದಿತು. ಕಾರಣ ಏನು ಗೊತ್ತಾ? ರೇಡಿಯೊ ತರಂಗಗಳು ಕಡಿಮೆ. ಒಬ್ಬನಿಗೆ ಲೈಸೆನ್ಸ್ ಕೊಟ್ಟರೆ ಇನ್ನೊಬ್ಬನಿಗೆ ಜಾಗ ಇಲ್ಲ. ಜಾಗ ಸಿಕ್ಕವನು ಸಿಗದವನ ಮಾತನ್ನೂ ಕೇಳಿಸಬೇಕು ಅಂತ.

ಐದೇ ವರ್ಷದಲ್ಲಿ, 1974ರಲ್ಲಿ, ಮಯಾಮಿ ಹೆರಾಲ್ಡ್ ಪತ್ರಿಕೆಯ ಕೇಸು ಬಂತು. ಪತ್ರಿಕೆ ಅಭ್ಯರ್ಥಿಯನ್ನು ಟೀಕಿಸಿದರೆ ಅವನ ಉತ್ತರವನ್ನೂ ಪುಕ್ಕಟೆ ಹಾಕಬೇಕು ಅಂತ ಫ್ಲಾರಿಡಾದಲ್ಲಿ ಕಾನೂನಿತ್ತು. ಅದೇ ಕೋರ್ಟು ಆ ಕಾನೂನನ್ನು ಒಮ್ಮತದಿಂದ ರದ್ದು ಮಾಡಿತು. ಏನು ಅಚ್ಚು ಹಾಕಬೇಕು ಅನ್ನೋದು ಸಂಪಾದಕರ ಕೆಲಸ ಅಂತ. 1987ರಲ್ಲಿ ಎಫ್‌ಸಿಸಿ ತನ್ನ ರೇಡಿಯೊ ನಿಯಮವನ್ನೂ ಕೈಬಿಟ್ಟಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಸ್ಟೇಷನ್‌ನವರು ತಂಟೆ ಯಾಕೆ ಅಂತ ವಿವಾದದ ವಿಷಯವನ್ನೇ ಮುಟ್ಟುತ್ತಿರಲಿಲ್ಲ.

ಈಗ ಮೊಬೈಲಿಗೆ ಬನ್ನಿ. ಇಲ್ಲಿ ಜಾಗಕ್ಕೇನು ಬರ? ಹುಬ್ಬಳ್ಳಿಯ ಗಲ್ಲಿಗೊಂದು ಚಾನೆಲ್ ಇದೆ.

ಮೀಟರ್‌ಗೇಜ್ ಕಾಕಾ, ಹುಬ್ಬಳ್ಳಿ

ತಮ್ಮಾ, ಚಾನೆಲ್ ನೂರಿವೆ, ಒಪ್ಪಿದೆ. ಆದರೆ ನನ್ನ ಕಣ್ಣಿಗೆ ಬೀಳೋದು ಐದೇ. ಬರ ಇರೋದು ಅಲ್ಲಿ.

ಸಪ್ತಾಪುರ ರೂಮ್ ನಂ. 6

ಇದು ಒಳ್ಳೆ ಪಾಯಿಂಟು. ಯೋಚನೆ ಮಾಡಿ ಬರ್ತೀನಿ.

ಮೈಕ್ ಹಿಡಿದವ, ಹಾವೇರಿ

ನಾನು ಆ ಗಲ್ಲಿ ಚಾನೆಲ್‌ನವನೇ. 11 ಸಾವಿರ ಸಬ್‌ಸ್ಕ್ರೈಬರ್. ಒಂದು ಮೊಬೈಲ್, ಒಂದು ಮೈಕ್, ಒಂದು ಹಳೇ ಬೈಕ್. ಕ್ಯಾಮೆರಾಮನ್ ನಾನೇ, ಎಡಿಟರ್ ನಾನೇ, ಬೈಸಿಕೊಳ್ಳುವವನೂ ನಾನೇ.

ಎರಡೂ ಕಡೆ ತೋರಿಸಲೇಬೇಕು ಅಂದರೆ ಏನಾಗುತ್ತೆ ಅಂತ ಹೇಳ್ತೀನಿ ಕೇಳಿ. ಹೋದ ವರ್ಷ ಒಂದು ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಕರೆಂಟ್ ಹೋಗಿ ಜನರೇಟರ್ ಶುರುವಾಗಲಿಲ್ಲ. ಬಾಣಂತಿಯರ ವಾರ್ಡಿನಲ್ಲಿ ಒಬ್ಬ ಅಜ್ಜಿ ಮೊಬೈಲ್ ಟಾರ್ಚ್ ಹಚ್ಚಿ ಮೊಮ್ಮಗುವಿನ ಮುಖದ ಮೇಲಿನ ಸೊಳ್ಳೆ ಓಡಿಸುತ್ತಾ ಕೂತಿದ್ದರು. ಶೂಟ್ ಮಾಡಿದೆ. ಬೆಳಗ್ಗೆ ಸಾಹೇಬರ ಹೇಳಿಕೆಗೆ, ಅಂದ್ರೆ ಬೈಟ್‌ಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಆಫೀಸಿಗೆ ಹೋದೆ, ಮೀಟಿಂಗ್. ಮಾರನೇ ದಿನವೂ ಮೀಟಿಂಗ್. ಆ ಕ್ಷೇತ್ರದ ಲೀಡರ್ ಕಡೆಯವರು ನಾಳೆ ಬಾ ಅಂದರು. ಮೂರು ದಿನ ಕಾದು ವಿಡಿಯೊ ಹಾಕಿದೆ, ಒಂದು ವಾರದಲ್ಲಿ ಜನರೇಟರ್ ರಿಪೇರಿ ಆಯ್ತು.

ಕಾಕಾ ಹೇಳಿದ ಕಾನೂನು ಇದ್ದಿದ್ದರೆ ಬೈಟ್ ಕೊಡದೆ ಕೂತರೆ ಸಾಕಿತ್ತು. ಎದುರು ಕಡೆ ಇಲ್ಲ, ಹಾಗಾಗಿ ವಿಡಿಯೊ ಹಾಕೋ ಹಾಗಿಲ್ಲ. ಸುಮ್ಮನಿದ್ದೇ ಸುದ್ದಿ ನಿಲ್ಲಿಸಬಹುದು! ದೊಡ್ಡ ಚಾನೆಲ್‌ನವರಿಗೆ ವಕೀಲರಿದ್ದಾರೆ. ನನಗೆ ಪೆಟ್ರೋಲಿಗೇ ಕಷ್ಟ.

ಬ್ಯಾಡಗಿ ಕಡ್ಡಿ

ಎರಡು ಕಡೆ, ಎರಡು ಕಡೆ ಅಂತೀರಲ್ಲ, ಯಾವ ಎರಡು?

2024ರ ಮಾರ್ಚ್ 11 ನೆನಪಿದೆಯಾ? ಬ್ಯಾಡಗಿ ಎಪಿಎಂಸಿಯಲ್ಲಿ ಒಣಮೆಣಸಿನಕಾಯಿ ರೇಟು ಬಿತ್ತು ಅಂತ ರೈತರು ಸಿಟ್ಟಿಗೆದ್ದು ಗಾಡಿಗಳಿಗೆ ಬೆಂಕಿ ಹಚ್ಚಿದ ದಿನ. ನಮ್ಮ ಮಾವನ ದಲಾಲಿ ಅಂಗಡಿ ಅಲ್ಲೇ ಇದೆ. ಶಟರ್ ಇಳಿಸಿಕೊಂಡು ಒಳಗೆ ಕೂತಿದ್ದೆವು, ಹೊಗೆಗೆ ಮೆಣಸಿನಕಾಯಿ ಘಾಟು ಸೇರಿ ಉಸಿರಾಡೋಕೆ ಆಗ್ತಿರಲಿಲ್ಲ. ಆ ರಾತ್ರಿ ನೋಡಿದ ಚರ್ಚೆಯಲ್ಲಿ ಈ ಪಕ್ಷದ ಒಬ್ಬರು, ಆ ಪಕ್ಷದ ಒಬ್ಬರು, ಮಧ್ಯೆ ಆಂಕರ್. ಗಡಿಯಾರ ಹಿಡಿದು ಅಳೆದರೆ ಪಕ್ಕಾ ಬ್ಯಾಲೆನ್ಸ್.

ಆದರೆ ರೇಟು ಯಾಕೆ ಬಿತ್ತು? ಕೋಲ್ಡ್ ಸ್ಟೋರೇಜ್‌ನಲ್ಲಿ ಎಷ್ಟು ಚೀಲ ಹಳೇ ಮಾಲಿತ್ತು? ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ರಾತ್ರಿಯೆಲ್ಲ ಲಾರಿಯಲ್ಲಿ ಬಂದ ರೈತನಿಗೆ ವಾಪಸ್ ಬಾಡಿಗೆ ಯಾರು ಕೊಡ್ತಾರೆ? ಹಮಾಲರ ಕೂಲಿ ಕಥೆ ಏನು? ಇವರು ಯಾರೂ ಪಕ್ಷ ಅಲ್ಲ, ಹಾಗಾಗಿ ಇವರಿಗೆ 'ಕಡೆ' ಇಲ್ಲ. ಸರ್ಕಾರ ರಾಜಕೀಯ ಸಮತೋಲನ ಅಂತ ಕಾನೂನು ಮಾಡಿದರೆ ಈ ಎರಡು ಕುರ್ಚಿಯೇ ಗಟ್ಟಿಯಾಗುತ್ತೆ, ಮೂರನೆಯವನು ನಿಂತೇ ಇರ್ತಾನೆ.

ಮಲಪ್ರಭಾ ಬಲದಂಡೆ

ಕಡ್ಡಿ ಅಣ್ಣ ಬರೆದದ್ದಕ್ಕೆ ಸೇರಿಸ್ತೀನಿ. ನಾವು ನರಗುಂದದ ಕಡೆಯವರು. ಕಾಕಾ ಮತ್ತು ಅಳಿಯ ಜಗಳ ಆಡಿದ ಮಹದಾಯಿ ವಿಚಾರವನ್ನೇ ತಗೊಳ್ಳಿ. 2018ರ ಆಗಸ್ಟ್‌ನಲ್ಲಿ ಟ್ರಿಬ್ಯೂನಲ್ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಪಟಾಕಿ ಹೊಡೆದರು. ಅದರಲ್ಲಿ 8.02 ಟಿಎಂಸಿ ಕರೆಂಟ್ ಮಾಡೋಕೆ. ಕಳಸಾ ಮತ್ತು ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸೋಕೆ ಸಿಕ್ಕಿದ್ದು 1.72 ಮತ್ತು 2.18, ಒಟ್ಟು 3.90. ನಾನು ನೋಡಿದ ಎಷ್ಟೋ ಚರ್ಚೆಯಲ್ಲಿ ಎರಡೂ ಪಕ್ಷದವರು ಇದ್ದರು, ಈ 3.90 ಅನ್ನೋ ಸಂಖ್ಯೆ ಮಾತ್ರ ಇರಲಿಲ್ಲ.

ಇನ್ನೊಂದು ಪ್ರಶ್ನೆ. ಸಮತೋಲನ ಅಂದಮೇಲೆ ಗೋವಾದವರ ವಾದಕ್ಕೂ ಹುಬ್ಬಳ್ಳಿ ಚಾನೆಲ್‌ನಲ್ಲಿ ಅರ್ಧ ಟೈಮ್ ಕೊಡ್ತೀರಾ? 2015ರಿಂದ ನರಗುಂದದಲ್ಲಿ ಧರಣಿ ಕೂತವರ ಎದುರು ನಿಂತು ಆ ಮಾತು ಹೇಳಿ ನೋಡೋಣ.

(ನಿಜ ಹೇಳಬೇಕಂದ್ರೆ ಗೋವಾದವರು ಏನು ಹೇಳ್ತಾರೆ ಅಂತ ನಾನೂ ಪೂರ್ತಿ ಓದಿಲ್ಲ. ಓದಬೇಕಿತ್ತು.)

ಮೀಟರ್‌ಗೇಜ್ ಕಾಕಾ, ಹುಬ್ಬಳ್ಳಿ

ಎಲ್ಲರೂ ಸೇರಿ ನನ್ನನ್ನೇ ಕಟ್ಟೆ ಹತ್ತಿಸಿದಿರಿ. ಇರಲಿ. 2022ರ ಏಪ್ರಿಲ್ ಮರೆತಿರಾ? ಒಂದು ವಾಟ್ಸಾಪ್ ಸ್ಟೇಟಸ್ಸಿಗೆ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆಯ ಮೇಲೆ ಕಲ್ಲು ಬಿದ್ದವು. ಅಂಥದ್ದಕ್ಕೆಲ್ಲ ಏನೂ ಮಾಡದೆ ಕೂರಬೇಕಾ?

ಸಪ್ತಾಪುರ ರೂಮ್ ನಂ. 6

ಕಾಕಾ, ಅದು ಬೇರೆ. ಉದ್ರೇಕಿಸುವ ಪೋಸ್ಟಿಗೆ ಈಗಲೇ ಕಾನೂನು ಇದೆ, ಕೇಸು ಹಾಕುತ್ತಾರೆ. ಅಂಥ ಸ್ಟೇಟಸ್ಸಿನ ಪಕ್ಕ ಇನ್ನೊಂದು ಕಡೆಯವರ ಸ್ಟೇಟಸ್ ಹಾಕಿಸಿದ್ದರೆ ಕಲ್ಲು ನಿಲ್ಲುತ್ತಿತ್ತಾ? ಎರಡು ಪಟ್ಟು ಬೀಳುತ್ತಿತ್ತು.

ನನ್ನ ಭಯ ಬೇರೆ. ಗೇಜ್ ಯಾರ ಕೈಯಲ್ಲಿರುತ್ತೆ? ವರ್ಕ್‌ಶಾಪ್‌ನಲ್ಲಿ ಚಕ್ರಕ್ಕೂ ಗೇಜ್ ಹಿಡಿದವರಿಗೂ ಜಗಳ ಇರಲಿಲ್ಲ. ಇಲ್ಲಿ ಅಳೆಯೋದು ಸರ್ಕಾರ, ಅಳೆಸಿಕೊಳ್ಳೋದು ಸರ್ಕಾರವನ್ನು ಟೀಕಿಸುವವರು. ಐಟಿ ಕಾಯ್ದೆಯ ಸೆಕ್ಷನ್ 66ಎ ಏನಾಯ್ತು ನೋಡಿ. 'ಕಿರಿಕಿರಿ ಆಗುವ' ಪೋಸ್ಟು ಹಾಕಿದರೆ ಅಂತ ಇತ್ತು ಅದರಲ್ಲಿ. ಯಾರಿಗೆ ಕಿರಿಕಿರಿ, ಎಷ್ಟು, ಲೆಕ್ಕವೇ ಇಲ್ಲ. 2015ರಲ್ಲಿ ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕಿತ್ತು ಹಾಕಿತು. ಕೇಂದ್ರ ಸರ್ಕಾರ 2023ರಲ್ಲಿ ಐಟಿ ನಿಯಮ ತಿದ್ದಿ, ತನ್ನ ಬಗ್ಗೆ ಬಂದ ಸುದ್ದಿ ಸುಳ್ಳೋ ನಿಜವೋ ಅಂತ ಹೇಳೋಕೆ ತಾನೇ ಫ್ಯಾಕ್ಟ್ ಚೆಕ್ ಘಟಕ ಮಾಡ್ತೀನಿ ಅಂದಿತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನೂ ರದ್ದು ಮಾಡಿತು. ಒಂದೇ ಪಕ್ಷದ ಮೇಲೆ ಹಾಕೋದು ಬೇಡ, 2025ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲೂ ಸುಳ್ಳು ಸುದ್ದಿ ತಡೆಯೋ ಮಸೂದೆಯ ಕರಡು ಹೊರಬಂತು, 7 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಅಂತ. ಯಾವ ಪಕ್ಷ ಕುರ್ಚಿಯಲ್ಲಿದ್ದರೂ ಗೇಜ್ ತನ್ನ ಕೈಗೇ ಬೇಕು.

ಆಕಾಶವಾಣಿ ಅಂದಿರಲ್ಲ, ತುರ್ತು ಪರಿಸ್ಥಿತಿಯಲ್ಲಿ ಅದೇ ರೇಡಿಯೊ ಯಾರ ಮಾತು ಹೇಳ್ತಿತ್ತು?

ಮೀಟರ್‌ಗೇಜ್ ಕಾಕಾ, ಹುಬ್ಬಳ್ಳಿ

ನಾನಾಗ ಹುಡುಗ. ಅಪ್ಪ ರೇಡಿಯೊ ಆರಿಸಿ ಬಿಬಿಸಿ ಹುಡುಕುತ್ತಿದ್ದದ್ದು ನೆನಪಿದೆ. ಸರಿ ಬಿಡು, ಆ ಮಾತು ವಾಪಸ್ ತಗೊಂಡೆ.

ಗದಗ ಅಚ್ಚುಮನೆ

ತಡವಾಗಿ ಬಂದೆ, ಲಗ್ನಪತ್ರಿಕೆ ಸೀಸನ್ನು. ಎಲ್ಲ ಓದಿದೆ.

ನಮ್ಮದು ಗದಗದಲ್ಲಿ ಸಣ್ಣ ಪ್ರಿಂಟಿಂಗ್ ಪ್ರೆಸ್. ಅಪ್ಪ ಅಚ್ಚಿನ ಮೊಳೆ ಜೋಡಿಸಿ ಟ್ರೆಡಲ್ ಮೇಲೆ ಶುರು ಮಾಡಿದರು, ಈಗ ನಾನು ಆಫ್‌ಸೆಟ್ ನೋಡಿಕೊಳ್ತೀನಿ. ಚುನಾವಣೆ ಬಂದರೆ ಎಲ್ಲ ಪಕ್ಷದ ಹ್ಯಾಂಡ್‌ಬಿಲ್ಲೂ ನಮ್ಮ ಒಂದೇ ಮಷೀನ್ ಮೇಲೆ ಓಡುತ್ತೆ. ಸಿಂಗಲ್ ಕಲರ್ ಮಷೀನ್. ಕೇಸರಿ ಇಂಕ್ ಓಡಿಸಿದ ಮೇಲೆ ಹಸಿರು ಓಡಿಸಬೇಕಂದ್ರೆ ರೋಲರ್ ತೊಳೀಬೇಕು. ಸರಿಯಾಗಿ ತೊಳೆಯದಿದ್ದರೆ ಮೊದಲ ಐವತ್ತು ಹಾಳೆ ಕೆಸರು ಬಣ್ಣಕ್ಕೆ ಬರ್ತವೆ. ನಮ್ಮ ಹುಡುಗ ಅವನ್ನು ಪಕ್ಷೇತರ ಅಂತ ಕರೀತಾನೆ.

ಆ ಹ್ಯಾಂಡ್‌ಬಿಲ್‌ಗಳಲ್ಲಿ ಏನಿರುತ್ತೆ ಅಂದ್ಕೊಂಡಿರಿ? ಬರೀ ಒಂದೇ ಕಡೆ. ಒಬ್ಬರು ಇನ್ನೊಬ್ಬರನ್ನು ಬೈಯೋದು, ತಾವು ಮಾಡದ ರಸ್ತೆಯನ್ನೂ ಮಾಡಿದ್ದೀವಿ ಅನ್ನೋದು. ಕೆಳಗೆ ಎದುರಾಳಿಯ ಉತ್ತರ ಹಾಕಿ ಅಂತ ಇಷ್ಟು ವರ್ಷದಲ್ಲಿ ಯಾರೂ ನಮಗೆ ಹೇಳಿಲ್ಲ. ಆದರೆ ಒಂದು ಸಾಲು ಇರಲೇಬೇಕು. ಮುದ್ರಕರ ಹೆಸರು, ವಿಳಾಸ, ಪ್ರಕಾಶಕರ ಹೆಸರು, ವಿಳಾಸ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ. ಹಾಕಿಸುವವನು ತಾನು ಯಾರು ಅಂತ ಸಹಿ ಮಾಡಿ, ಇಬ್ಬರು ಪರಿಚಯದವರ ಸಹಿ ಹಾಕಿಸಿ ನಮಗೆ ಕೊಡಬೇಕು. ಅದರ ಪ್ರತಿ, ಹ್ಯಾಂಡ್‌ಬಿಲ್ಲಿನ ಒಂದು ಪ್ರತಿ, ಎರಡೂ ಡಿಸಿ ಆಫೀಸಿಗೆ ಹೋಗಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಂಥ ದಿನ ಇಂಥಲ್ಲಿ ಸಭೆ ಇದೆ ಅಂತ ಮಾತ್ರ ಹೇಳೋ ಚೀಟಿಗೆ ಇದು ಬೇಡ.

ಒಂದು ಸಲ ರಾತ್ರಿ ಒಂಬತ್ತಕ್ಕೆ ಒಬ್ಬ ಪೆನ್‌ಡ್ರೈವ್ ಹಿಡಿದು ಬಂದ. ಐದು ಸಾವಿರ ಕಾಪಿ, ಬೆಳಗಾಗೋದರೊಳಗೆ ಬೇಕು, ಡಬಲ್ ರೇಟು ಕೊಡ್ತೀನಿ, ಕೆಳಗಿನ ಸಾಲು ಮಾತ್ರ ಬೇಡ. ಅಪ್ಪ ಪ್ರೂಫ್ ಓದಿದರು. ಒಬ್ಬ ಅಭ್ಯರ್ಥಿಯ ಮನೆ ಹೆಣ್ಣುಮಗಳ ಬಗ್ಗೆ ಇತ್ತು. ಅಪ್ಪ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. 'ನಿನ್ನ ಹೆಸರು ಹಾಕ್ತೀನಿ, ಈಗಲೇ ಓಡಿಸ್ತೀನಿ' ಅಂದರು. ಅವನು ಪೆನ್‌ಡ್ರೈವ್ ಕಿತ್ತುಕೊಂಡು ಹೋದ.

ಅದಕ್ಕೇ ನನಗೆ ಬ್ಯಾಲೆನ್ಸ್ ಕಾನೂನು ಬೇಡ ಅನ್ಸುತ್ತೆ. ಒಂದೇ ಕಡೆ ಹೇಳಲಿ, ಎಷ್ಟು ಬೇಕಾದರೂ ಹೇಳಲಿ. ದುಡ್ಡು ಯಾರದು ಅಂತ ಕೆಳಗೆ ಬರೀಲಿ. ಮೊಬೈಲಿನಲ್ಲಿ ಸುದ್ದಿ ಅಂತ ಬರ್ತದಲ್ಲ, ಅದರಲ್ಲಿ ಎಷ್ಟು ಸುದ್ದಿ, ಎಷ್ಟು ದುಡ್ಡು ಕೊಟ್ಟು ಹಾಕಿಸಿದ್ದು ಅಂತ ನನಗಂತೂ ತಿಳಿಯಲ್ಲ. ಕಾಗದಕ್ಕೆ ಇರೋ ಒಂದು ಸಾಲು ಅದಕ್ಕೆ ಯಾಕಿಲ್ಲ?

ದುರ್ಗದಬೈಲ್ ಗಿರ್ಮಿಟ್

ಅಕ್ಕಾ, ಪಕ್ಷೇತರ ಅನ್ನೋದಕ್ಕೆ ಟೀ ಕುಡೀತಿದ್ದವನು ಮೂಗಿನಿಂದ ಉಗುಳಿದೆ. ಅಪ್ಪಾರಿಗೆ ನಮಸ್ಕಾರ ಹೇಳಿ.

ಬ್ಯಾಡಗಿ ಕಡ್ಡಿ

ಅಕ್ಕಾ ಹೇಳಿದ್ದಕ್ಕೆ ನೂರಕ್ಕೆ ನೂರು. ಜಾಹೀರಾತು ಅಂತ ಹಾಕಿದರೆ ಈಗಲೂ ಜಿಲ್ಲೆಯಲ್ಲಿ ಎಂಸಿಎಂಸಿ, ಅಂದ್ರೆ ಚುನಾವಣೆ ಜಾಹೀರಾತು ಪರಿಶೀಲಿಸುವ ಸಮಿತಿ ನೋಡುತ್ತೆ, ಪೇಯ್ಡ್ ನ್ಯೂಸ್ ಅನ್ನೂ ಅವರೇ ಹಿಡೀಬೇಕು. ಆದರೆ ಹತ್ತು ಸೆಕೆಂಡಿನ ರೀಲ್ಸ್ ಅನ್ನು ಯಾವ ಸಮಿತಿ ಕೂತು ನೋಡುತ್ತೆ? ಶಿಗ್ಗಾವಿ ಉಪಚುನಾವಣೆ ಹೊತ್ತಿಗೆ, 2024ರ ನವೆಂಬರ್‌ನಲ್ಲಿ, ನನ್ನ ಮೊಬೈಲಿಗೆ 'ಗ್ರೌಂಡ್ ರಿಪೋರ್ಟ್' ಅಂತಲೇ ಎಷ್ಟು ಬಂದವೋ. ಒಂದೇ ಹಿನ್ನೆಲೆ ಸಂಗೀತ, ಒಂದೇ ಪದ, ಬೇರೆ ಬೇರೆ ಮೈಕ್ ಲೋಗೊ!

ಸಪ್ತಾಪುರ ರೂಮ್ ನಂ. 6

ಅಕ್ಕಾ, ಒಂದು ಅಡ್ಡ ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ರೂಮ್‌ಮೇಟ್ ಒಬ್ಬ ಹೆಸರು ಹೇಳದೆ ಒಂದು ಪೇಜ್ ನಡೆಸ್ತಾನೆ. ನೇಮಕಾತಿ ಪರೀಕ್ಷೆಗಳ ಗೋಲ್‌ಮಾಲ್ ಬಗ್ಗೆ ಬರೀತಾನೆ. ಹೆಸರು ಹಾಕು ಅಂದರೆ ನಾಳೆಯೇ ನಿಲ್ಲಿಸ್ತಾನೆ, ಯಾಕಂದ್ರೆ ಅವನೂ ಅದೇ ಪರೀಕ್ಷೆ ಬರೀಬೇಕು. ತುರ್ತು ಪರಿಸ್ಥಿತಿಯಲ್ಲಿ ಹಂಚಿದ ಕರಪತ್ರಗಳ ಕೆಳಗೆ ಪ್ರೆಸ್ಸಿನ ಹೆಸರಿತ್ತಾ?

ಗದಗ ಅಚ್ಚುಮನೆ

ಇರಲಿಲ್ಲ ತಮ್ಮಾ. ಇದ್ದಿದ್ದರೆ ಪ್ರೆಸ್ಸೇ ಇರ್ತಿರಲಿಲ್ಲ. ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನನ್ನ ಮಟ್ಟಿಗೆ ಹೆಸರು ಬೇರೆ, ದುಡ್ಡು ಬೇರೆ. ಸ್ವಂತ ಸಿಟ್ಟಿಗೆ ಬರೆಯುವವನು ಹೆಸರು ಮುಚ್ಚಿಕೊಳ್ಳಲಿ. ದುಡ್ಡು ತಗೊಂಡು ಚುನಾವಣೆಗೆ ಬರೆಯುವವನು ಯಾರ ದುಡ್ಡು ಅಂತ ಹೇಳಲಿ. ಗೆರೆ ಎಲ್ಲಿ ಎಳೀಬೇಕು ಅನ್ನೋದು ಓದಿದವರು ನೀವು ಹೇಳಿ.

ಸಪ್ತಾಪುರ ರೂಮ್ ನಂ. 6

ಕಾಕಾನ ಐದು ವಿಡಿಯೊ ಪ್ರಶ್ನೆಗೆ ವಾಪಸ್ ಬರ್ತೀನಿ ಅಂದಿದ್ದೆ. ಬರ ಇರೋದು ನೋಡುವವರ ಕಣ್ಣಿನ ಮುಂದೆ ಅನ್ನೋದು ನಿಜ. ಆದರೆ ಐದನ್ನು ಆರಿಸಿದ್ದು ಚಾನೆಲ್‌ನವರಲ್ಲ, ಯೂಟ್ಯೂಬ್. ಹಾವೇರಿ ಅಣ್ಣನನ್ನು ಹಿಡಿದು ಪ್ರಯೋಜನ ಇಲ್ಲ. ಯುರೋಪಿನಲ್ಲಿ ಡಿಜಿಟಲ್ ಸರ್ವಿಸಸ್ ಆಕ್ಟ್ ಅಂತ ಇದೆ. ಅಲ್ಲಿ 4.5 ಕೋಟಿಗಿಂತ ಜಾಸ್ತಿ ಬಳಕೆದಾರರಿರುವ ದೊಡ್ಡ ಕಂಪನಿಗಳು, ನೀವು ಹಿಂದೆ ಏನು ನೋಡಿದ್ದಿರಿ ಅನ್ನೋದನ್ನು ಲೆಕ್ಕಕ್ಕೆ ತಗೊಳ್ಳದೆ ತೋರಿಸೋ ಒಂದು ಆಯ್ಕೆಯನ್ನಾದರೂ ಕೊಡಲೇಬೇಕು. ಯಾವ ವಿಡಿಯೊ ತೋರಿಸಬೇಕು ಅಂತ ಸರ್ಕಾರ ಹೇಳಲ್ಲ. ಬಟನ್ ಕೊಡಿ ಅಂತ ಮಾತ್ರ ಹೇಳುತ್ತೆ.

ಟೆಕ್ಸಸ್‌ನವರು 2021ರಲ್ಲಿ ಬೇರೆ ದಾರಿ ಹಿಡಿದರು. ದೊಡ್ಡ ಕಂಪನಿಗಳು ಅಭಿಪ್ರಾಯ ನೋಡಿ ಯಾರ ಪೋಸ್ಟನ್ನೂ ತೆಗೆಯೋ ಹಾಗಿಲ್ಲ ಅಂತ ಕಾನೂನು. 2024ರ ಜುಲೈನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ಕಳಿಸುವಾಗ, ಏನು ತೋರಿಸಬೇಕು ಅಂತ ಆರಿಸೋದೂ ಒಂದು ಅಭಿವ್ಯಕ್ತಿಯೇ, ಸರ್ಕಾರ ತನಗೆ ಸರಿ ಕಂಡ ಸಮತೋಲನ ತರೋಕೆ ಅದರಲ್ಲಿ ಕೈ ಹಾಕೋ ಹಾಗಿಲ್ಲ ಅನ್ನೋ ಅರ್ಥದ ಮಾತು ಹೇಳಿತು.

ನಮ್ಮಲ್ಲೂ ಒಂದು ಚಂದದ ಕೇಸು ಇದೆ. ಎಲ್‌ಐಸಿಯ ಒಳಪತ್ರಿಕೆ, ಹೆಸರು 'ಯೋಗಕ್ಷೇಮ'. ಮನುಭಾಯಿ ಶಾ ಅನ್ನೋರು ಎಲ್‌ಐಸಿ ಪಾಲಿಸಿದಾರರಿಗೆ ಅನ್ಯಾಯ ಮಾಡ್ತಿದೆ ಅಂತ ಬರೆದರು. ಎಲ್‌ಐಸಿ ತನ್ನ ಉತ್ತರವನ್ನು ಆ ಪತ್ರಿಕೆಯಲ್ಲಿ ಹಾಕಿತು, ಶಾ ಅವರ ಮರು ಉತ್ತರ ಹಾಕೋಕೆ ಒಪ್ಪಲಿಲ್ಲ. 1992ರಲ್ಲಿ ಸುಪ್ರೀಂ ಕೋರ್ಟ್ ಹಾಕಲೇಬೇಕು ಅಂದಿತು. ಯಾಕಂದ್ರೆ ಎಲ್‌ಐಸಿ ಸರ್ಕಾರದ ಸಂಸ್ಥೆ, ಜನರ ದುಡ್ಡಿನಲ್ಲಿ ನಡೆಯೋದು. ಕಾಕಾ, ನಿಮ್ಮ ಗೇಜ್ ಇಡೋ ಜಾಗ ಇದು. ಇಲಾಖೆಗಳ ಪೇಜ್, ಸರ್ಕಾರದ ಖಾತೆ, ಅಲ್ಲಿ ಎದುರು ಮಾತಿಗೂ ಜಾಗ ಕೇಳೋಣ.

ಮಲಪ್ರಭಾ ಬಲದಂಡೆ

ಇಲಾಖೆ ಪೇಜ್‌ನಲ್ಲಿ ಕಾಮೆಂಟೇ ಬಂದ್ ಮಾಡಿದ್ದಾರೆ. ನಾನು ಕಾಲುವೆ ನೀರು ಕೇಳಿ ಎರಡು ಸಲ ಬರೆದೆ.

ಮೀಟರ್‌ಗೇಜ್ ಕಾಕಾ, ಹುಬ್ಬಳ್ಳಿ

ಅಕ್ಕಾರ ಅಪ್ಪನ ಮಾತು ಮನಸ್ಸಿಗೆ ಹಿಡಿಸಿತು. 'ಹೆಸರು ಹಾಕ್ತೀನಿ, ಈಗಲೇ ಓಡಿಸ್ತೀನಿ.' ನಾನು ಎಲ್ಲವನ್ನೂ ಬಿಟ್ಟುಕೊಟ್ಟಿಲ್ಲ, ಮತದಾನಕ್ಕೆ ಮುಂಚಿನ 48 ಗಂಟೆ ಪ್ರಚಾರ ಬಂದ್ ಅಂತಾರಲ್ಲ, ಆಗಲಾದರೂ ಮೊಬೈಲಿಗೆ ಬಿಗಿ ಬೇಕೇ ಬೇಕು. ಉಳಿದ ದಿನಕ್ಕೆ ಅಕ್ಕಾರ ಸಾಲು ಸಾಕು ಅಂತ ಈಗ ಅನ್ನಿಸ್ತಿದೆ. ಹಾವೇರಿ ತಮ್ಮಾ, ನೀನು ಹಾಕ್ತೀಯಾ ಆ ಸಾಲು?

ಮೈಕ್ ಹಿಡಿದವ, ಹಾವೇರಿ

ಹಾಕ್ತೀನಿ ಕಾಕಾ, ಆದರೆ ಹೊಟ್ಟೆಪಾಡೂ ಕೇಳಿ. ಯೂಟ್ಯೂಬ್ ದುಡ್ಡಿನಲ್ಲಿ ಮೊಬೈಲ್ ರಿಚಾರ್ಜ್ ಆಗುತ್ತೆ ಅಷ್ಟೇ. ನಮ್ಮ ಬದುಕು ಲೀಡರ್‌ಗಳ ಹುಟ್ಟುಹಬ್ಬದ ಶುಭಾಶಯ, ಹಬ್ಬದ ಶುಭಾಶಯ, ಅಂಗಡಿ ಓಪನಿಂಗ್. ಶುಭಾಶಯ ಕೊಟ್ಟವರ ವಿರುದ್ಧ ಆ ತಿಂಗಳು ವಿಡಿಯೊ ಹಾಕೋಕೆ ಕೈ ಬರಲ್ಲ, ಇದು ಯಾವ ಕಾನೂನಿಗೂ ಸಿಗಲ್ಲ. ಸರ್ಕಾರಗಳೂ ಇದೇ ದಾರಿಯಲ್ಲಿವೆ. ಉತ್ತರ ಪ್ರದೇಶದವರು 2024ರಲ್ಲಿ ಒಂದು ನೀತಿ ತಂದರು, ಸರ್ಕಾರದ ಯೋಜನೆ ಬಗ್ಗೆ ವಿಡಿಯೊ ಮಾಡುವವರಿಗೆ ತಿಂಗಳಿಗೆ 8 ಲಕ್ಷದವರೆಗೆ. ಬಡಿಗೆ ಹಿಡಿಯೋದು ಯಾಕೆ, ಬೆಲ್ಲ ತೋರಿಸಿದರೆ ಆಯ್ತಲ್ಲ.

ಸರಿ, ಇವತ್ತಿನಿಂದ ಶುರು. ಈಗ ಹಾಕಿದ ಸಂತೆ ವಿಡಿಯೊ ಕೆಳಗೆ ನೋಡಿ: 'ಈ ವಿಡಿಯೊಗೆ ಯಾರಿಂದಲೂ ಹಣ ಪಡೆದಿಲ್ಲ.' ದುಡ್ಡು ತಗೊಂಡದ್ದಕ್ಕೆ ತಗೊಂಡೆ ಅಂತ ಬರೀತೀನಿ.

ಬ್ಯಾಡಗಿ ಕಡ್ಡಿ

ಶಹಬ್ಬಾಸ್ ಅಣ್ಣಾ.

ದುರ್ಗದಬೈಲ್ ಗಿರ್ಮಿಟ್

ಹಣ ಪಡೆದಿಲ್ಲ ಸರಿ, ಗಿರ್ಮಿಟ್ ಪಡೆದೀಯಾ? ಅದೂ ಬರೀಬೇಕು.

ಗದಗ ಅಚ್ಚುಮನೆ

ನೋಡಿದೆ ತಮ್ಮಾ, ಚಲೋ ಮಾಡಿದೆ. ಶುಕ್ರವಾರ ಹಾಕಿದ 'ಗ್ರಾಮದ ಹೆಮ್ಮೆಯ ಮಗ' ವಿಡಿಯೊ ಕೆಳಗೆ ಏನೂ ಕಾಣಲಿಲ್ಲ. ಅದರ ಬ್ಯಾನರ್ ನಮ್ಮಲ್ಲೇ ಪ್ರಿಂಟ್ ಆಗಿತ್ತು, ಬಿಲ್ಲು ಯಾರ ಹೆಸರಿಗೆ ಅಂತ ನನಗೆ ಗೊತ್ತು.

ಮೈಕ್ ಹಿಡಿದವ, ಹಾವೇರಿ

ಅಕ್ಕಾ, ಸಂಜೆ ಫೋನ್ ಮಾಡ್ತೀನಿ.